ಟ್ರಂಕಲ್ಲಿರೋ ಫೋಟೋಗಳು ಹಾಳಾಗೋ ಮುಂಚೆ: ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಒಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಿಗೆ, ರಾಜ್ಯ ಪತ್ರಾಗಾರದವರಿಗೆ, ಜಾನಪದ ಅಕಾಡೆಮಿಯವರಿಗೆ, ಹಂಗೇ ಪತ್ರಿಕೆ ಆಫೀಸುಗಳಲ್ಲಿ ಹಳೇ ಫೋಟೋ ನೋಡ್ಕೊಳ್ಳೋರಿಗೂ, ಊರೂರಲ್ಲಿರೋ ಹಳೇ ಸ್ಟುಡಿಯೋ ಮಾಲೀಕರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರ್ತೀನಿ. ನಮ್ಮ ರಾಜ್ಯದ ಜೋಗಪ್ಪಗಳು, ಜೋಗತಿಯರು, ಮಂಗಳಮುಖಿಯರು, ಹೆಣ್ಣು ಅಂತ ಬೆಳೆಸಿದ್ರೂ ಗಂಡಸಾಗಿ ಬದುಕಿದ ಅಣ್ಣಂದಿರು, ಅಂದ್ರೆ ಟ್ರಾನ್ಸ್ ಜನ, ಇವರೆಲ್ಲ ಎಪ್ಪತ್ತು ಎಂಬತ್ತು ತೊಂಬತ್ತರ ದಶಕಗಳಲ್ಲಿ ತೆಗೆಸಿಕೊಂಡ ಫೋಟೋಗಳು ಇವತ್ತಿಗೂ ಯಾರದೋ ತಗಡಿನ ಟ್ರಂಕಲ್ಲಿ, ಸೀರೆ ಮಡಿಕೆ ಒಳಗೆ, ದೇವರ ಜಗಲಿ ಹಿಂದೆ ಬಿದ್ದಿವೆ. ಅವನ್ನ ಉಳಿಸೋಕೆ ದುಡ್ಡು ಕೊಡಿ, ಆದ್ರೆ ಬೀಗದ ಕೈ ಮಾತ್ರ ಆ ಸಮುದಾಯದವರ ಹತ್ರಾನೇ ಇರ್ಲಿ. ನಂದು ಇದೊಂದೇ ಬೇಡಿಕೆ. ದುಡ್ಡು ಯಾಕೆ ನಿಮ್ಮದು, ಬೀಗದ ಕೈ ಯಾಕೆ ಅವರದು ಅಂತ ಹೇಳೋಕೆ ಹೋಗಿ ಪತ್ರ ಉದ್ದ ಆಗಿದೆ, ಸ್ವಲ್ಪ ತಾಳ್ಮೆ ಇರ್ಲಿ.

2021ರ ನವೆಂಬರಲ್ಲಿ ರಾಷ್ಟ್ರಪತಿ ಭವನದಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ತಗೊಳ್ಳೋಕೆ ಹೋದಾಗ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದ್ರಲ್ಲ, ಆ ಚಿತ್ರ ನೀವೂ ನೋಡಿದೀರಿ, ಇಡೀ ದೇಶಾನೇ ನೋಡ್ತು, ಎಲ್ಲರ ವಾಟ್ಸಾಪ್ ಸ್ಟೇಟಸ್ಸಲ್ಲೂ ಅದೇ. ಅದಕ್ಕೆ ಎರಡು ವರ್ಷ ಮುಂಚೆ ಅವರು ಜಾನಪದ ಅಕಾಡೆಮಿ ಅಧ್ಯಕ್ಷರೂ ಆಗಿದ್ರು. ಸಂತೋಷ. ಈಗ ನನ್ನ ಪ್ರಶ್ನೆ ಏನಂದ್ರೆ, ಮಂಜಮ್ಮನವರ ಗುರು ಕಾಳವ್ವ ಜೋಗತಿ ತಲೆಮಾರಿನವರು ಕೊಡ ಹೊತ್ತು ಚೌಡಿಕೆ ಬಾರಿಸ್ತಾ ಊರೂರು ತಿರುಗಿದ ಕಾಲದ ಫೋಟೋಗಳು ನಿಮ್ಮ ಸಂಗ್ರಹದಲ್ಲಿ ಎಷ್ಟಿವೆ? ಇದ್ರೂ ಎಷ್ಟರ ಕೆಳಗೆ ಆ ಮನುಷ್ಯರ ಹೆಸರಿದೆ? "ಜೋಗತಿ ನೃತ್ಯ" ಅಂತ ಬರೆದು ಬಿಟ್ಟಿದ್ರೆ ಅದು ಹೆಸರಲ್ಲ ಸ್ವಾಮಿ. ಮೈಸೂರು ದಸರಾ ಮೆರವಣಿಗೆ ಫೋಟೋದಲ್ಲಿ ಆನೆಗೂ ಹೆಸರು ಹಾಕ್ತೀವಿ ನಾವು.

ನಾನು ಹೊಸಪೇಟೆ ಕಡೆಯವನು, ಮದುವೆ ಮುಂಜಿ ಫೋಟೋ ವಿಡಿಯೋ ಮಾಡ್ತೀನಿ, ಸೀಸನ್ ಇಲ್ದಾಗ ಹಳೇ ಫೋಟೋ ರಿಪೇರಿ. ತೀರಿಕೊಂಡವರ ಫೋಟೋ ತರ್ತಾರೆ, ದೊಡ್ಡದು ಮಾಡಿ ಫ್ರೇಮ್ ಹಾಕಿಕೊಡಿ ಅಂತಾರೆ. ಹಂಗೇ ಒಂದ್ಸಲ ವಯಸ್ಸಾದ ಜೋಗತಿಯಮ್ಮ ಒಬ್ರು ಬಂದ್ರು. ಹಳದಿ ಕವರಲ್ಲಿ ಒಂದು ಫೋಟೋ, ಫೋಟೋ ಅಂದ್ರೆ ಪೂರ್ತಿ ಅಲ್ಲ, ಎರಡು ಬೆರಳಗಲ ಉದ್ದುದ್ದ ಪಟ್ಟಿ. ಕಪ್ಪು ಬಿಳುಪು, ಒಂದು ಕಡೆ ಅಂಚು ಮಷಿನ್ ಕಟ್ಟು, ಇನ್ನೊಂದು ಕಡೆ ಕತ್ತರೀಲಿ ಸೊಟ್ಟಕ್ಕೆ ಕತ್ತರಿಸಿದ್ದು. ಹದಿಮೂರು ಹದಿನಾಲ್ಕರ ಹುಡುಗ, ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಹಿಂದೆ ಸ್ಟುಡಿಯೋ ಪರದೆ ಮೇಲೆ ಬರೆದ ತೋಟದ ಮೆಟ್ಟಿಲು. ಹುಡುಗನ ಭುಜದ ಮೇಲೆ ಒಂದು ಕೈ, ಬಳೆ ಹಾಕಿದ ಕೈ, ಮಣಿಕಟ್ಟಿನ ಹತ್ರಕ್ಕೇ ಕತ್ತರಿ ಬಿದ್ದಿದೆ. ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿ ಆದ ಮೇಲೆ ಅಣ್ಣ ಮನೆ ಫೋಟೋದಿಂದ ಇವರನ್ನ ಕತ್ತರಿಸಿ ತೆಗೆದಿದ್ದನಂತೆ, ಎಷ್ಟೋ ವರ್ಷ ಆದ್ಮೇಲೆ ಯಾರೋ ಸಂಬಂಧಿಕರು ಆ ತುಂಡು ತಂದುಕೊಟ್ರಂತೆ. ನಾನು ಕಂಪ್ಯೂಟರಿಗೆ ಹಾಕಿ ಕ್ಲೀನ್ ಮಾಡೋಕೆ ಕೂತಾಗ ಆಯಮ್ಮ ಪಕ್ಕದಲ್ಲೇ ನಿಂತು "ಆ ಕೈ ಮಾತ್ರ ತೆಗೀಬ್ಯಾಡ ತಮ್ಮಾ, ಅದು ನಮ್ಮವ್ವಂದು" ಅಂದ್ರು.

ಅವರ ಕವರಲ್ಲಿ ಇನ್ನೂ ಫೋಟೋ ಇದ್ವು. ಹುಲಿಗಿ ಜಾತ್ರೇಲಿ ತೆಗೆಸಿದ್ದು, ಮೂವರು ಗೆಳತಿಯರು ಒಂದೇ ಥರದ ಸೀರೆ ಉಟ್ಟು ನಿಂತಿದ್ದು, ಒಬ್ಬರ ಕೈಯಲ್ಲಿ ಸ್ಟುಡಿಯೋದ ಪ್ಲಾಸ್ಟಿಕ್ ಟೆಲಿಫೋನು. ಕಲರ್ ಫೋಟೋಗಳೆಲ್ಲ ಕೆಂಪಗಾಗಿಬಿಟ್ಟಿವೆ, ಹಸಿರು ನೀಲಿ ಎಲ್ಲ ಹಾರಿ ಹೋಗಿ ಎಲ್ಲರ ಮುಖಾನೂ ಸಂಜೆ ಬಿಸಿಲಲ್ಲಿ ನಿಂತಂಗೆ. ಅದರಲ್ಲಿದ್ದ ಮೂವರಲ್ಲಿ ಇಬ್ಬರು ಈಗಿಲ್ಲ. ಒಬ್ಬರ ಸಾಮಾನೆಲ್ಲ ಬಾಡಿಗೆ ಮನೆ ಓನರ್ ಹೊರಗೆ ಹಾಕಿಸಿದನಂತೆ, ಆಲ್ಬಮ್ಮೂ ಅದರ ಜೊತೆಗೇ ಹೋಯ್ತು. ಈ ಕಥೆ ಒಬ್ಬರದಲ್ಲ, ಸಮುದಾಯದವರ ಜೊತೆ ಕೂತು ಮಾತಾಡಿದ್ರೆ ಪ್ರತಿಯೊಬ್ಬರ ಹತ್ರಾನೂ ಹಿಂಗೆ ಕಳೆದುಹೋದ ಒಂದು ಆಲ್ಬಮ್ ಇರುತ್ತೆ. ಮಕ್ಕಳು ಮೊಮ್ಮಕ್ಕಳು ಇರೋ ಮನೇಲಿ ಅಜ್ಜಿ ಫೋಟೋ ಗೋಡೆಗೆ ಹೋಗುತ್ತೆ, ಇವರ ಫೋಟೋ ಚೇಲಾ, ಅಂದ್ರೆ ಶಿಷ್ಯೆ, ಕೈಗೆ ಸೇರಿದ್ರೆ ಪುಣ್ಯ, ಇಲ್ದಿದ್ರೆ ಗುಜರಿಗೆ.

ಈಗ ಬೀಗದ ಕೈ ವಿಚಾರ. ಸರ್ಕಾರ ಬಂದು ನಿಮ್ಮ ಫೋಟೋ ಕೊಡಿ, ಹೆಸರು ಬರೆಸಿ ಅಂದ್ರೆ ಈ ಜನ ಯಾಕೆ ಹಿಂದೆ ಸರೀತಾರೆ ಅಂತ ನಿಮಗೆ ಗೊತ್ತಿರಬೇಕು, ಗೊತ್ತಿಲ್ದಿದ್ರೆ ನಿಮ್ಮದೇ ಪತ್ರಾಗಾರದಲ್ಲಿ ಕಾಯ್ದೆ ಪುಸ್ತಕ ತೆಗೆದು ನೋಡಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗ ಪೂರ್ತಿ ಇವರ ಮೇಲೇನೇ. ಯಾರ ಮೇಲೆ ಸಂಶಯ ಇದೆಯೋ ಅವರ ಹೆಸರು ವಿಳಾಸ ರಿಜಿಸ್ಟರಲ್ಲಿ ಬರ್ಕೊಳ್ಳಬೇಕು, ರಿಜಿಸ್ಟರಲ್ಲಿ ಇರೋರು ರಸ್ತೇಲಿ ಹೆಣ್ಣಿನ ಬಟ್ಟೆ ಒಡವೆ ಹಾಕಿ ಕಾಣಿಸಿಕೊಂಡ್ರೆ, ಕುಣಿದ್ರೆ, ವಾರಂಟ್ ಇಲ್ದೆ ಹಿಡೀಬಹುದು, ಎರಡು ವರ್ಷದವರೆಗೆ ಜೈಲು. ಅದು ಉತ್ತರದ ಕಡೆ ಜಾರಿಯಾದದ್ದು, ನಮಗೇನು ಅನ್ನಬೇಡಿ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ 1329ರಲ್ಲಿ, ಅಂದ್ರೆ 1919ರ ಸುಮಾರಿಗೆ, ಅಂಥದ್ದೇ ಒಂದು ಕಾಯ್ದೆ ಬಂತು, ಆಗ ನಮ್ಮ ಕಲಬುರಗಿ ಬೀದರ್ ರಾಯಚೂರು ಅದೇ ಸಂಸ್ಥಾನದಲ್ಲಿದ್ವು. ಆ ಕಾಯ್ದೆಯನ್ನ ತೆಲಂಗಾಣ ಹೈಕೋರ್ಟ್ ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡಿದ್ದು ಯಾವಾಗ ಗೊತ್ತಾ, 2023ರಲ್ಲಿ! ನೂರು ವರ್ಷ ಪುಸ್ತಕದಲ್ಲಿ ಕೂತಿತ್ತು. ಅದೂ ಬೇಡ, 2011ರಲ್ಲಿ ನಮ್ಮದೇ ವಿಧಾನಸಭೆ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಸೇರಿಸಿ ಮತ್ತೆ ಅದೇ ರಿಜಿಸ್ಟರ್ ಮಾತು ತಂತು, ಆಮೇಲೆ ಸಮುದಾಯದವರು ಕೋರ್ಟಿಗೆ ಹೋದ್ಮೇಲೆ ತಿದ್ದುಪಡಿ ಆಯ್ತು. ಇಷ್ಟೆಲ್ಲ ಆಗಿರೋವಾಗ ಒಬ್ಬ ಇಲಾಖೆಯವನು ಫಾರ್ಮ್ ಹಿಡ್ಕೊಂಡು ಸಮುದಾಯದವರು ಒಟ್ಟಿಗೆ ಇರೋ ಹಮಾಮ್ ಬಾಗಿಲಿಗೆ ಹೋಗಿ ಫೋಟೋ ಕೊಡಿ ಅಂದ್ರೆ ಬಾಗಿಲು ಹಾಕ್ಕೊಳ್ಳದೆ ಇನ್ನೇನು ಮಾಡ್ತಾರೆ.

ಕ್ಯಾಮೆರಾನೂ ಅದೇ ಬುದ್ಧಿಯಿಂದಾನೇ ಶುರುವಾಗಿದ್ದು. 1868ರಿಂದ 1875ರ ನಡುವೆ ಬ್ರಿಟಿಷ್ ಸರ್ಕಾರ ಎಂಟು ಸಂಪುಟಗಳಲ್ಲಿ ಭಾರತದ ಜಾತಿ ಬುಡಕಟ್ಟುಗಳ ಫೋಟೋ ಪ್ರಿಂಟ್ ಮಾಡಿಸ್ತು, ಇಂಥ ಜಾತಿ ಇಂಥ ಗುಣ ಅಂತ ಪಕ್ಕದಲ್ಲಿ ಬರೆದು. 1860ರ ದಶಕದಲ್ಲಿ ಪೂರ್ವ ಬಂಗಾಳದಲ್ಲಿ ತೆಗೆದ ಹಿಜಡಾ ಗುಂಪಿನ ಒಂದು ಫೋಟೋ ಈಗಲೂ ಇಂಟರ್ನೆಟ್ಟಲ್ಲಿ ಓಡಾಡುತ್ತೆ. ಸೀಮೆ ಇದೆ, ದಶಕ ಇದೆ, ಅವರನ್ನ ಯಾವ ಗುಂಪಿಗೆ ಸೇರಿಸಿದ್ರು ಅನ್ನೋದಿದೆ, ಹೆಸರು ಮಾತ್ರ ಇಲ್ಲ. ಇವತ್ತು ತಮಿಳುನಾಡಲ್ಲಿ ಟ್ರಾನ್ಸ್ ಮಹಿಳೆಯರು ಸೇರೋ ಕೂವಾಗಂ ಜಾತ್ರೆಗೆ, ಸವದತ್ತಿಗೆ ದೊಡ್ಡ ಲೆನ್ಸ್ ಹಾಕ್ಕೊಂಡು ಹೋಗಿ ಅಳೋ ಮುಖಕ್ಕೆ ಝೂಮ್ ಮಾಡಿ ಅವಾರ್ಡಿಗೆ ಕಳಿಸೋ ನಮ್ಮ ಫೋಟೋಗ್ರಾಫರ್ ಮಿತ್ರರೂ ಆ ಕೆಲಸಾನೇ ಮುಂದುವರಿಸ್ತಿದಾರೆ ಅಂತ ನನಗನ್ಸುತ್ತೆ, ಬೈಕೊಳ್ಳೋರು ಬೈಕೊಳ್ಳಲಿ.

ಬೇರೆ ಥರಾನೂ ಆಗುತ್ತೆ ಅನ್ನೋದಕ್ಕೆ ದೆಹಲಿಯ ಹಿಜಡಾ ಮೋನಾ ಅಹ್ಮದ್ ವಿಷಯ ಹೇಳಬೇಕು. 1989ರಲ್ಲಿ ದಯಾನಿತಾ ಸಿಂಗ್ ಅನ್ನೋ ಫೋಟೋಗ್ರಾಫರ್ ಲಂಡನ್ನಿನ ಪತ್ರಿಕೆಯೊಂದರ ಕೆಲಸಕ್ಕೆ ಅಂತ ಮೋನಾ ಹತ್ರ ಹೋಗಿದ್ರು. ಮೋನಾ ಖುಷಿಯಾಗೇ ಫೋಟೋ ತೆಗೆಸಿಕೊಂಡ್ರು. ಆಮೇಲೆ ಇದು ಲಂಡನ್ ಪೇಪರಿಗೆ ಅಂತ ಗೊತ್ತಾದ ತಕ್ಷಣ ಬೇಡ ಅಂದ್ರು, ಅಲ್ಲಿ ನಮ್ಮ ಸಂಬಂಧಿಕರಿದಾರೆ, ಅವರು ನೋಡಬಾರದು, ರೋಲ್ ವಾಪಸ್ ಕೊಡು ಅಂತ. ದಯಾನಿತಾ ಕೊಟ್ಟುಬಿಟ್ರು. ಫಿಲ್ಮ್ ಕಾಲದಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು ಇದರ ಬೆಲೆ ಏನು ಅಂತ, ರೋಲ್ ಕೊಟ್ಟೆ ಅಂದ್ರೆ ಕಾಪಿ ಇಲ್ಲ, ಕಾರ್ಡ್ ಇಲ್ಲ, ಬ್ಯಾಕಪ್ ಇಲ್ಲ, ಕೆಲಸಾನೂ ಹೋಯ್ತು ದುಡ್ಡೂ ಹೋಯ್ತು. ಆ ರೋಲ್ ವಾಪಸ್ ಕೊಟ್ಟಿದ್ದಕ್ಕೇ ಅವರಿಬ್ಬರ ಸ್ನೇಹ ಶುರುವಾಗಿ 2017ರಲ್ಲಿ ಮೋನಾ ತೀರಿಕೊಳ್ಳೋವರೆಗೂ ನಡೀತು. ಮೋನಾ ದತ್ತು ತಗೊಂಡ ಮಗು ಆಯೇಷಾ, ಆ ಮಗುವಿನ ಹುಟ್ಟುಹಬ್ಬದ ಗದ್ದಲ, ಆಮೇಲೆ ಮೋನಾ ತನ್ನ ಜಮಾತಿನಿಂದ, ಅಂದ್ರೆ ಹಿಜಡಾ ಬಳಗದಿಂದ, ದೂರ ಆಗಿ ಹಳೇ ದೆಹಲಿಯ ಸ್ಮಶಾನದಲ್ಲಿ ಮನೆ ಮಾಡ್ಕೊಂಡು ಇದ್ದದ್ದು, ಎಲ್ಲಾ ಫೋಟೋದಲ್ಲಿದೆ. 2001ರಲ್ಲಿ ಪುಸ್ತಕ ಬಂದಾಗ ಅದರ ಬರಹ ಮೋನಾದೇ, ಪ್ರಕಾಶಕರಿಗೆ ಕಳಿಸಿದ ಈಮೇಲ್‌ಗಳ ರೂಪದಲ್ಲಿ, ಕಷ್ಟ ಸುಖ ಸಿಟ್ಟು ಎಲ್ಲಾ ಅವರ ಬಾಯಲ್ಲೇ. ಆ ಫೋಟೋಗಳಲ್ಲಿ ಮೋನಾ ಒಂದ್ಸಲ ರಾಣಿ ಥರ, ಒಂದ್ಸಲ ಬರೀ ಸುಸ್ತಾದ ಮನುಷ್ಯಳ ಥರ ಕಾಣ್ತಾರೆ. ಒಂದೇ ದಿನಕ್ಕೆ ಬಂದು ಹೋಗೋ ಕ್ಯಾಮೆರಾಗೆ ಈ ಸುಸ್ತು ಸಿಗಲ್ಲ.

ಪ್ಯಾರಿಸ್ಸಿನಲ್ಲೂ ಹಿಂಗೇ ಒಬ್ಬ ಇದ್ದ, ಕ್ರಿಸ್ಟರ್ ಸ್ಟ್ರೋಮ್‌ಹೋಮ್ ಅಂತ ಸ್ವೀಡನ್ನಿನವನು. 1959ರಲ್ಲಿ ಪ್ಲಾಸ್ ಬ್ಲಾಂಶ್ ಅನ್ನೋ ಚೌಕಕ್ಕೆ ಹೋಗಿ, ಟ್ರಾನ್ಸ್ ಮಹಿಳೆಯರು ಇರ್ತಿದ್ದ ಅಗ್ಗದ ಹೋಟೆಲಲ್ಲೇ ರೂಮ್ ಮಾಡಿ, ಹತ್ತಿರ ಹತ್ತಿರ ಹತ್ತು ವರ್ಷ ರಾತ್ರಿ ಹೊತ್ತು ಬೀದಿ ಬೆಳಕಲ್ಲೇ ಫೋಟೋ ತೆಗೆದ. ನಾನಾ, ಜಾಕಿ, ಸಬ್ರೀನಾ, ಜೀನಾ, ಎಲ್ಲರನ್ನೂ ಹೆಸರಿಂದಲೇ ಗುರುತಿಸಿದಾನೆ. ಅದು ಪುಸ್ತಕವಾಗಿದ್ದು 1983ರಲ್ಲಿ. ಸಾಕು, ಅವನ ಬಗ್ಗೆ ಇಷ್ಟು.

ಆದ್ರೂ ಇವೆಲ್ಲ ಬೇರೆಯವರ ಕ್ಯಾಮೆರಾ. ನಂಗೆ ನಿಜವಾಗಲೂ ನೀವು ನೋಡಬೇಕು ಅನ್ಸೋದು ಅರ್ಜೆಂಟೀನಾದ ಕೆಲಸ, ಯಾಕಂದ್ರೆ ಅಲ್ಲಿ ಕೂಡಿಟ್ಟಿರೋದು ಟ್ರಾನ್ಸ್ ಜನರೇ ತಮಗೋಸ್ಕರ ತೆಗೆದುಕೊಂಡ ಫೋಟೋಗಳು. ಬ್ಯೂನಸ್ ಐರಿಸ್ಸಲ್ಲಿ ತೊಂಬತ್ತರ ದಶಕದವರೆಗೂ ಪೊಲೀಸ್ ಆಜ್ಞೆಗಳು ಅಂತ ಇದ್ವು, ಬೇರೆ ಲಿಂಗದವರ ಬಟ್ಟೆ ಹಾಕಿ ಹೊರಗೆ ಬಂದ್ರೆ ಕೋರ್ಟ್ ಗೀರ್ಟ್ ಇಲ್ದೆ ಪೊಲೀಸರೇ ಲಾಕಪ್ಪಿಗೆ ಹಾಕ್ತಿದ್ರು, ಬಿಟ್ಟ ವಾರದಲ್ಲೇ ಮತ್ತೆ ಹಿಡಿಯೋರು. 1993ರಲ್ಲಿ ಮರಿಯಾ ಬೆಲೆನ್ ಕೊರಿಯಾ, ಕ್ಲೌಡಿಯಾ ಪಿಯಾ ಬೌಡ್ರಾಕೊ ಮತ್ತೆ ಅವರ ಗೆಳತಿಯರು ಸೇರಿ ಸಂಘ ಕಟ್ಟಿದ್ರು. ಕೊರಿಯಾ ಆಮೇಲೆ ದೇಶ ಬಿಟ್ಟು ಹೋಗಬೇಕಾಯ್ತು. ಪಿಯಾಗೆ ಒಂದು ಆಸೆ ಇತ್ತು, ಬದುಕಿ ಉಳಿದವರೆಲ್ಲರ ಫೋಟೋ ನೆನಪು ಒಂದು ಕಡೆ ಸೇರಿಸಬೇಕು ಅಂತ. 2012ರ ಮಾರ್ಚಲ್ಲಿ ಆಕೆ ತೀರಿಕೊಂಡಳು, ಮೇ ತಿಂಗಳಲ್ಲಿ ಅರ್ಜೆಂಟೀನಾದ ಲಿಂಗ ಗುರುತಿನ ಕಾನೂನು ಪಾಸಾಯ್ತು, ಎರಡು ತಿಂಗಳು ಕೂಡ ಅಂತರ ಇಲ್ಲ ನೋಡಿ. ಆಕೆ ಬಿಟ್ಟು ಹೋದ ಫೋಟೋ ಪತ್ರಗಳ ಪೆಟ್ಟಿಗೆ ಕೊರಿಯಾ ಕೈಗೆ ಬಂತು.

ಕೊರಿಯಾ ಮಾಡಿದ್ದು ಏನು? ಮೊದಲು ಫೇಸ್‌ಬುಕ್ಕಲ್ಲಿ ಒಂದು ಕ್ಲೋಸ್ಡ್ ಗ್ರೂಪ್, ಅಷ್ಟೇ. ಊರು ಬಿಟ್ಟು ಬೇರೆ ಬೇರೆ ದೇಶಕ್ಕೆ ಓಡಿಹೋಗಿದ್ದ ಗೆಳತಿಯರು ಒಬ್ಬೊಬ್ಬರಾಗಿ ತಮ್ಮತಮ್ಮ ಫೋಟೋ ಹಾಕೋಕೆ ಶುರು ಮಾಡಿದ್ರು, ಏ ಇವಳು ಬದುಕಿದಾಳಾ, ಅಯ್ಯೋ ಇವಳು ಹೋಗಿಬಿಟ್ಟಳಾ, ಇದು ಯಾವ ವರ್ಷದ ಕಾರ್ನಿವಲ್ಲು, ಈ ಡ್ರೆಸ್ ನಂದು ಕಣೇ ವಾಪಸ್ ಕೊಡಲೇ ಇಲ್ಲ ನೀನು, ಹಿಂಗೆ ಕಾಮೆಂಟುಗಳಲ್ಲಿ ಇತಿಹಾಸ ತಾನಾಗೇ ಸೇರಿಕೊಳ್ತಾ ಹೋಯ್ತು ಅಂತ ನಾನು ಊಹಿಸ್ಕೋತೀನಿ. ಆಮೇಲೆ ಫೋಟೋಗ್ರಾಫರ್ ಒಬ್ಬರು ಜೊತೆ ಸೇರಿ ಸ್ಕ್ಯಾನಿಂಗು, ಪಟ್ಟಿ ಮಾಡೋದು, ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿಡೋದು ಎಲ್ಲಾ ಕ್ರಮವಾಗಿ ಶುರುವಾಯ್ತು. ಈಗ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಫೋಟೋ, ಪತ್ರ, ಪೋಸ್ಟ್‌ಕಾರ್ಡ್ ಇವೆ, 20ನೇ ಶತಮಾನದ ಮೊದಲ ಭಾಗದಿಂದ ತೊಂಬತ್ತರ ದಶಕದ ಕೊನೆವರೆಗಿನವು. ಗ್ಲೌಸ್ ಹಾಕ್ಕೊಂಡು ಸ್ಕ್ಯಾನರ್ ಮುಂದೆ ಕೂತಿರೋರು ಯಾರು ಅಂದ್ರೆ ಫೋಟೋದಲ್ಲಿರೋರೇ, ಅರವತ್ತು ದಾಟಿದ ಟ್ರಾನ್ಸ್ ಹೆಂಗಸರು, ಅದೇ ಅವರಿಗೆ ಸಂಬಳದ ಕೆಲಸ ಕೂಡ ಆಗಿದೆ. ಆ ಫೋಟೋಗಳಲ್ಲಿ ಲಾಕಪ್ ಕಾಣೋದು ಕಮ್ಮಿ. ಹುಟ್ಟುಹಬ್ಬದ ಕೇಕು, ಸಮುದ್ರ ತೀರ, ಅಡುಗೆ ಮನೆ, ನಾಯಿಮರಿ, ಕಾರ್ನಿವಲ್ಲಿನ ಗರಿ ಕಿರೀಟ, ಒಬ್ಬರ ತೊಡೆ ಮೇಲೆ ಒಬ್ಬರು ತಲೆ ಇಟ್ಟು ಮಲಗಿದ್ದು. ಪೊಲೀಸ್ ಫೈಲಲ್ಲಿ ಇದ್ಯಾವುದೂ ಸಿಗಲ್ಲವಲ್ಲ.

ಇನ್ನೊಂದು ಉದಾಹರಣೆ ಎಚ್ಚರಿಕೆಗೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಟ್ಟದ ಕಡೆ ಕಾಸಾ ಸುಸಾನಾ ಅಂತ ಒಂದು ಮನೆ ಇತ್ತು, ಐವತ್ತು ಅರವತ್ತರ ದಶಕದಲ್ಲಿ ವಾರಾಂತ್ಯಕ್ಕೆ ಅಲ್ಲಿಗೆ ಬಂದು ಹೆಂಗಸರಾಗಿ ಇದ್ದು, ಇಸ್ಪೀಟಾಡಿ, ಫೋಟೋ ತೆಗೆದುಕೊಂಡು ಸೋಮವಾರ ಮತ್ತೆ ಕೋಟು ಟೈ ಹಾಕಿ ಆಫೀಸಿಗೆ ಹೋಗ್ತಿದ್ದ ಜನ. ಆ ಫೋಟೋಗಳು ಎಷ್ಟೋ ದಶಕ ಆದ್ಮೇಲೆ ನ್ಯೂಯಾರ್ಕಿನ ಹಳೇ ಸಾಮಾನಿನ ಸಂತೇಲಿ ಒಬ್ಬ ವ್ಯಾಪಾರಿಗೆ ಸಿಕ್ಕವು, 2005ರಲ್ಲಿ ಪುಸ್ತಕಾನೂ ಆಯ್ತು. ಚೆನ್ನಾಗಿವೆ, ಸಿಕ್ಕಿದ್ದು ಒಳ್ಳೇದೇ ಆಯ್ತು, ಅದರಿಂದಾನೇ ಆ ಕಥೆ ಜಗತ್ತಿಗೆ ಗೊತ್ತಾಗಿದ್ದು. ಆದ್ರೆ ತಮ್ಮೂರಲ್ಲಿ ಯಾರಿಗೂ ಗೊತ್ತಾಗಬಾರದು ಅಂತಾನೇ ಅಷ್ಟು ದೂರ ಬಂದಿದ್ದ ಜನರ ಮುಖ ಅವರನ್ನ ಕೇಳದೇನೇ ಪುಸ್ತಕಕ್ಕೆ ಬಂತು. ನಾಳೆ ಬೆಂಗಳೂರಿನ ಭಾನುವಾರದ ಗುಜರಿ ಬಜಾರಲ್ಲಿ ಒಂದು ಆಲ್ಬಮ್ ಸಿಕ್ಕಿ ಯಾರೋ ಇನ್‌ಸ್ಟಾಗ್ರಾಮಿಗೆ ಹಾಕಿ ಲಕ್ಷ ಲೈಕ್ ತಗೊಂಡ್ರೆ, ಅದರಲ್ಲಿರೋ ಅಮ್ಮನ ತಮ್ಮನ ಮಗಳ ಮದುವೆ ಮಾತುಕತೆ ನಡೀತಿದ್ರೆ? ಈ ತಲೆನೋವಿಗೇ ನಾನು ಮೊದಲು ಕೇಳಿ, ಆಮೇಲೆ ಸ್ಕ್ಯಾನ್ ಮಾಡಿ ಅಂತಿರೋದು.

ಹಂಗಂತ ಯಾರೂ ಮುಟ್ಟಬೇಡಿ ಅಂತ ಬಿಟ್ರೂ ಆಗಲ್ಲ. ಬರ್ಲಿನ್ನಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅನ್ನೋ ವೈದ್ಯ ಲೈಂಗಿಕತೆ ಅಧ್ಯಯನಕ್ಕೆ ಅಂತ 1919ರಲ್ಲಿ ಶುರು ಮಾಡಿದ ಸಂಸ್ಥೇಲಿ ಇಂಥ ಫೋಟೋ ದಾಖಲೆ ರಾಶಿ ಇತ್ತು, 1933ರ ಮೇ 6ಕ್ಕೆ ನಾಜಿ ವಿದ್ಯಾರ್ಥಿಗಳು ನುಗ್ಗಿದ್ರು, ಮೇ 10ಕ್ಕೆ ನಡುಬೀದೀಲಿ ಸುಟ್ಟರು. ಒಂದೇ ಕಡೆ ಒಂದೇ ಕಾಪಿ ಇಡಬಾರದು ಅನ್ನೋದಕ್ಕೆ ಇದಕ್ಕಿಂತ ಇನ್ನೇನು ಬೇಕು.

ಸರಿ, ನೀವು ಏನು ಮಾಡಬಹುದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಲ್ಲಿ ಕಮ್ರಾ ಅಂತ ಒಂದು ಆರ್ಕೈವ್ ಆಗಲೇ ಇದೆ, ಸಮುದಾಯದ ಹೋರಾಟದ ವಿಡಿಯೋ, ಕಾಗದ ಪತ್ರ ಕೂಡಿಡ್ತಿದಾರೆ, ಅವರನ್ನ ಕರೆದು ಕೂತು ಮಾತಾಡಿ. ಬೆಂಗಳೂರು ಒಂದರಲ್ಲೇ ಮುಗಿಸಬೇಡಿ ಮಾತ್ರ, ಬಳ್ಳಾರಿ ಕೊಪ್ಪಳ ಬೆಳಗಾವಿ ಕಲಬುರಗಿಯ ಅಮ್ಮಂದಿರು ಟ್ರಂಕ್ ಹೊತ್ಕೊಂಡು ನಾಗರಬಾವಿಗೆ ಬರಲ್ಲ. 2011ರ ಜನಗಣತಿ ಪ್ರಕಾರಾನೇ ಕರ್ನಾಟಕದಲ್ಲಿ ಈ ಸಮುದಾಯದ ಇಪ್ಪತ್ತು ಸಾವಿರ ಚಿಲ್ಲರೆ ಜನ ಇದ್ರು, ಅದರಲ್ಲಿ ವಯಸ್ಸಾದವರನ್ನ ಹುಡುಕೋದು ಜಮಾತಿನ ಹಿರಿಯರಿಗೆ ಬಿಟ್ಟು ನಿಮ್ಮಿಂದ ಆಗಲ್ಲ. ಅದೇ ಸಮುದಾಯದ ಹುಡುಗ ಹುಡುಗಿಯರಿಗೆ ಟ್ರೈನಿಂಗ್ ಕೊಟ್ಟು ಸಂಬಳಕ್ಕೆ ತಗೊಳ್ಳಿ. 2021ರಲ್ಲಿ ಸರ್ಕಾರಿ ನೌಕರೀಲಿ ಶೇಕಡಾ 1 ಮೀಸಲಾತಿ ಕೊಟ್ಟ ರಾಜ್ಯ ನಮ್ಮದು, ಈ ಕೆಲಸಕ್ಕೆ ಅವರೇ ಅರ್ಹರು ಅಂತ ಹೇಳೋಕೆ ಕಮಿಟಿ ಬೇಕಾ?

ಟೆಕ್ನಿಕಲ್ ಆಗಿ ಇದು ಕಷ್ಟದ ಕೆಲಸ ಏನಲ್ಲ. ಫೋಟೋನ ಅವರ ಮನೇಲೇ ಅವರ ಕಣ್ಣೆದುರೇ ಸ್ಕ್ಯಾನ್ ಮಾಡಿ ಒರಿಜಿನಲ್ ಅಲ್ಲೇ ವಾಪಸ್ ಕೊಡಬೇಕು, ಆಫೀಸಿಗೆ ಒಯ್ದು ಆಮೇಲೆ ಕೊಡ್ತೀವಿ ಅನ್ನೋ ಮಾತೇ ಬೇಡ. 600 ಡಿಪಿಐ ಸಾಕು, ಪಾಸ್‌ಪೋರ್ಟ್ ಸೈಜಿನವಕ್ಕೆ ಜಾಸ್ತಿ ಇಡಿ. ಗಾಜಿಗೆ ಅಂಟಿರೋ ಫೋಟೋನ ಕೀಳಬೇಡಿ, ಗಾಜಿನ ಸಮೇತ ತೆಗೀರಿ. ಅಂಟು ಹಾಳೆ ಮೇಲೆ ಪ್ಲಾಸ್ಟಿಕ್ ಮುಚ್ಚೋ ಆಲ್ಬಮ್ ಒಂದು ಕಾಲದಲ್ಲಿ ಬಂದ್ವಲ್ಲ, ಅವೇ ಎಲ್ಲಕ್ಕಿಂತ ದೊಡ್ಡ ಶತ್ರು, ಆ ಅಂಟು ಫೋಟೋನ ತಿಂದುಹಾಕುತ್ತೆ. ಹಿಂಭಾಗಾನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಸೀಲು, ಪೆನ್ನಲ್ಲಿ ಬರೆದ ಹೆಸರು, ತಾರೀಖು ಎಲ್ಲಾ ಇರೋದು ಅಲ್ಲೇ. ಫೋಟೋ ನೋಡ್ತಾ ಅವರು ಹೇಳೋದನ್ನ ಮೊಬೈಲಲ್ಲಾದ್ರೂ ರೆಕಾರ್ಡ್ ಮಾಡ್ಕೊಳ್ಳಿ, ಯಾಕಂದ್ರೆ ಆ ಪಟ್ಟಿ ಫೋಟೋದಲ್ಲಿರೋ ಕೈ ಯಾರದು ಅಂತ ಯಾವ ಸ್ಕ್ಯಾನರೂ ಹೇಳಲ್ಲ. ಯಾವುದು ಎಲ್ಲರಿಗೂ ಕಾಣಬೇಕು, ಯಾವುದು ಸಮುದಾಯದವರಿಗೆ ಮಾತ್ರ, ಯಾವುದು ನಾನು ಸತ್ತಮೇಲೆ, ಯಾವುದು ಯಾವತ್ತೂ ಬೇಡ ಅನ್ನೋದನ್ನ ಒಂದೊಂದು ಫೋಟೋಗೂ ಅವರೇ ಹೇಳಲಿ, ಆಮೇಲೆ ಮನಸ್ಸು ಬದಲಾದ್ರೆ ತೆಗೆಸೋ ಹಕ್ಕೂ ಇರ್ಲಿ. ಹಳೇ ಹೆಸರು ಹಾಕಬೇಕೋ ಬೇಡವೋ ಅನ್ನೋದೂ ಅವರ ಇಷ್ಟ.

ಪತ್ರಿಕೆಯವರಿಗೆ ಒಂದು ಮಾತು. ನಿಮ್ಮ ಲೈಬ್ರರೀಲಿ ಹಳೇ ನೆಗೆಟಿವ್ ಇದ್ದಾವಲ್ಲ, ಪೊಲೀಸ್ ರೇಡಿನ ಫೋಟೋ, "ವಿಚಿತ್ರ ಮದುವೆ" ಥರದ ಫೋಟೋ, ಜಾತ್ರೆ ಫೋಟೋ, ಅವುಗಳ ಪ್ರತಿ ಸಮುದಾಯಕ್ಕೆ ಪುಕ್ಕಟೆ ಕೊಡಿ. ಕ್ಯಾಪ್ಷನ್ ಹೆಂಗಿದ್ರೂ ಹಂಗೇ ಕೊಡಿ, ಅಳಿಸಬೇಡಿ, ಯಾವ ಕಾಲದಲ್ಲಿ ನಾವು ಹೆಂಗೆ ಬರೀತಿದ್ವಿ ಅಂತಾನೂ ಗೊತ್ತಾಗ್ಲಿ. ಸ್ಟುಡಿಯೋದವರಿಗೆ, ಅಂದ್ರೆ ನಮ್ಮವರಿಗೇ, ಅಂಗಡಿ ಮುಚ್ಚೋವಾಗ ನೆಗೆಟಿವ್ ಡಬ್ಬಿಗಳನ್ನ ತೂಕಕ್ಕೆ ಹಾಕಬೇಡಿ ಮಾರಾಯ್ರೆ. ಡಬ್ಬಿ ತೆಗೆದ್ರೆ ವಿನೆಗರ್ ವಾಸನೆ ಬರ್ತಿದ್ರೆ ಫಿಲ್ಮ್ ಕೊಳೀತಿದೆ ಅಂತ ಅರ್ಥ, ಅಂಥವನ್ನ ಮೊದಲು ಸ್ಕ್ಯಾನ್ ಮಾಡಿಸಬೇಕು.

ಮನೆ ಇಲ್ಲ, ಸರ್ಕಾರ ಇವರಿಗೆ ಕೊಡೋ ಮೈತ್ರಿ ಪಿಂಚಣಿ ಸರಿಯಾಗಿ ಬರಲ್ಲ, ಫೋಟೋಗೆ ಯಾಕಪ್ಪ ದುಡ್ಡು ಅಂತ ಕೇಳೋರಿದಾರೆ. ನ್ಯಾಯವಾದ ಪ್ರಶ್ನೆ. ಪಿಂಚಣಿ ದುಡ್ಡಲ್ಲಿ ಕತ್ತರಿಸಿ ಇದಕ್ಕೆ ಹಾಕಿ ಅಂತ ನಾನು ಹೇಳ್ತಿಲ್ಲ, ನಿಮ್ಮ ಇಲಾಖೆ ಉತ್ಸವಗಳಿಗೆ ಕಟ್ಟೋ ಫ್ಲೆಕ್ಸ್ ದುಡ್ಡಲ್ಲಿ ಒಂದಿಷ್ಟು ಇತ್ತ ಕೊಟ್ರೂ ಸಾಕು. ಮತ್ತೆ ಪಿಂಚಣಿ ಮುಂದಿನ ವರ್ಷಾನೂ ಕೇಳಿ ಜಗಳ ಮಾಡಿ ತಗೋಬಹುದು, ಕೆಂಪಗಾಗಿ ಮುಖ ಅಳಿಸಿ ಹೋದ ಫೋಟೋನ ಮುಂದಿನ ವರ್ಷ ಯಾವ ಬಜೆಟ್ಟಲ್ಲಿ ತರ್ತೀರಿ?

ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಎಲ್ಲಾ ಕಡೆಯ ಜೋಗಪ್ಪ ಜೋಗತಿಯರು ಸೇರ್ತಾರೆ. ಅಲ್ಲಿ ಸರ್ಕಾರದ ಆರೋಗ್ಯ ಮಳಿಗೆ ಕೃಷಿ ಮಳಿಗೆ ಹಾಕೋ ಥರ ಒಂದು ಚಿಕ್ಕ ಟೆಂಟ್ ಹಾಕಿಸಿ, ಒಂದು ಟೇಬಲ್, ಕರೆಂಟ್ ಲೈನ್, ನಾಲ್ಕು ಕುರ್ಚಿ, ಕುಡಿಯೋ ನೀರು. ಟೆಂಟಿನ ಬಾಗಿಲಲ್ಲಿ ಸಮುದಾಯದವರೇ ಕೂರಲಿ, ಪೊಲೀಸರು ಬೇಡ. ಸ್ಕ್ಯಾನರು ಲ್ಯಾಪ್‌ಟಾಪು ನಂದೇ ತರ್ತೀನಿ, ನನ್ನ ಥರದ ಇನ್ನೂ ನಾಲ್ಕೈದು ಜನ ಬರೋಕೆ ರೆಡಿ ಇದಾರೆ. ಜಾಗ ಕೊಡ್ತೀರಾ ಇಲ್ವಾ ಅಂತ ಒಂದು ಉತ್ತರ ಬರೀರಿ.

ಇಂತಿ,
ಹೊಸಪೇಟೆ ಕಡೆಯ ಒಬ್ಬ ಫೋಟೋಗ್ರಾಫರ್